ಡ್ರೈವರ್ ಬೀರಯ್ಯನ ಮದುವೆ ದಿನ ಹುಳ ಹಣ್ಣಾದದ್ದು

ರಾಮನಗರದ ತಾಜ್ ಪಾಷಾ ಸಾವುಕಾರರ ನೂಲಿನ ಕಂಪನಿಗೆ ಬೀರಯ್ಯ ಮೊದಲ ಸಲ ಬಂದದ್ದು ಎತ್ತಿನ ಗಾಡಿ ಹೊಡೆದುಕೊಂಡು. ಕೂಟಗಲ್ ಕಡೆಯ ಸಣ್ಣ ಹಳ್ಳಿಯೊಂದರಲ್ಲಿ ಅವನ ಅಪ್ಪ ಕರಿಯಯ್ಯ ಕುರಿ ಸಾಕಿಕೊಂಡು, ಒಂದಿಷ್ಟು ರಾಗಿ ಬೆಳೆದುಕೊಂಡು ಇದ್ದವನು. ರೇಷ್ಮೆಗೂಡು ಬೇಯಿಸುವ ಒಲೆಗಳಿಗೆ ಹುಣಸೆ ಸೌದೆ ಬೇಕೆಂದು ಕಂಪನಿಯವರು ಹೇಳಿ ಕಳಿಸಿದಾಗ ಮಗ ಗಾಡಿ ತುಂಬಿಕೊಂಡು ಹೊರಟ. ಕಂಪನಿಯ ಗಲ್ಲಿ ಎಷ್ಟು ಇಕ್ಕಟ್ಟೆಂದರೆ ಎರಡು ಎಮ್ಮೆ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕು. ಅಂಥ ಗಲ್ಲಿಯೊಳಗೆ ಬೀರಯ್ಯ ತುಂಬಿದ ಗಾಡಿಯನ್ನು ಹಿಮ್ಮುಖವಾಗಿ, ಎತ್ತುಗಳಿಗೆ ಒಂದೇಟೂ ಹಾಕದೆ, ಬರೀ ಬಾಯಲ್ಲಿ ಮಾತಾಡಿಸುತ್ತ ಒಳಗೆ ತಂದು ನಿಲ್ಲಿಸಿದ. ಬಾಗಿಲಲ್ಲಿ ಟೀ ಕುಡಿಯುತ್ತ ನಿಂತಿದ್ದ ಕಂಪನಿ ಡ್ರೈವರ್ ಗೌಸ್ ಲೋಟವನ್ನು ಕಿಟಕಿ ಮೇಲಿಟ್ಟು ಹತ್ತಿರ ಬಂದ.

"ಲೇ, ಎತ್ತಿನ ಗಾಡೀನೇ ಹಿಂಗೆ ರಿವರ್ಸ್ ಹೊಡೀತೀಯಲ್ಲ, ಮೆಟಡೋರ್ ಕಲೀತೀಯೇನ್ಲಾ?"

"ಕಲಿಸ್ತೀಯಾ ಅಣ್ಣ?" ಅಂದ ಬೀರಯ್ಯ. ಅಷ್ಟೇ ಮಾತು.

ಗೌಸ್‌ಗೆ ದುಬೈಗೆ ಹೋಗುವ ಆಸೆ. ತನ್ನ ಜಾಗಕ್ಕೆ ಒಬ್ಬನನ್ನು ತಯಾರು ಮಾಡಿಟ್ಟರೆ ಸಾವುಕಾರರು ಬೇಜಾರಿಲ್ಲದೆ ಕಳಿಸಿಕೊಡುತ್ತಾರೆಂದು ಅವನ ಲೆಕ್ಕ. ಮಾಗಡಿ ರಸ್ತೆಯಲ್ಲಿ ಓಡಾಟ ಕಡಿಮೆ ಇರುವ ಹೊತ್ತು ನೋಡಿ ಬೀರಯ್ಯನನ್ನು ಕೂರಿಸಿಕೊಂಡು ಕಲಿಸಿದ. ಕ್ಲಚ್ಚು, ಗೇರು ಎಲ್ಲ ಬೇಗ ಕೈಗೆ ಹತ್ತಿದವು. ಬ್ರೇಕಿನದೇ ಒಂದು ತಾಪತ್ರಯ. ಗಾಡಿ ನಿಲ್ಲಿಸಬೇಕಾದಾಗಲೆಲ್ಲ ಬೀರಯ್ಯ, ಕುರಿ ಹಿಂಡು ತಡೆಯುವವನ ಹಾಗೆ, "ಟ್ರ್ರ್ರ್ ಹೋ" ಅನ್ನುತ್ತಿದ್ದ. "ಕಾಲಲ್ಲಿ ಒತ್ತೋ ಮಾರಾಯ, ಬಾಯಲ್ಲಿ ಅಲ್ಲ!" ಅಂತ ಗೌಸ್ ತಲೆ ಚಚ್ಚಿಕೊಳ್ಳುತ್ತಿದ್ದ. ಕೊನೆಗೆ ಬೀರಯ್ಯ ಕಾಲಲ್ಲೂ ಒತ್ತುವುದನ್ನು ಕಲಿತ. ಬಾಯಿ ಮಾತ್ರ ನಿಲ್ಲಲಿಲ್ಲ. ಗೌಸ್ ದುಬೈಗೆ ಹಾರಿದ, ಕೀಲಿಕೈ ಬೀರಯ್ಯನ ಕೈಗೆ ಬಂತು.

ಮೊದಲ ಸಲ ಗಾಡಿಯನ್ನು ಊರಿಗೆ ತಂದ ದಿನ ಕರಿಯಯ್ಯ ಅದರ ಸುತ್ತ ಒಂದು ಸುತ್ತು ಬಂದು, ಬಗ್ಗಿ ಅಡಿಯನ್ನೂ ನೋಡಿ, ಎದ್ದು ನಿಂತು ಕೇಳಿದ:

"ಏನ್ ತಿಂತದ್ಲಾ ಇದು?"

"ಡೀಸಲ್ಲು ಕಣಪ್ಪ."

"ದಿನಾಲೂವಾ?"

"ಓಡಿದ್ರೆ ಮಾತ್ರ."

"ನಿಂತಿದ್ರೆ ಏನೂ ತಿನ್ನಾಕಿಲ್ವಾ?" ಕರಿಯಯ್ಯ ತನ್ನ ಕುರಿಗಳ ಕಡೆ ಒಂದು ಸಲ, ಮೆಟಡೋರ್ ಕಡೆ ಒಂದು ಸಲ ನೋಡಿದ. "ಒಳ್ಳೆ ಜಾತಿ ಕಣ್ಲಾ. ಸಂದಾಗಿ ನೋಡ್ಕೊ."

ಎಂಬತ್ತರ ದಶಕದ ಶುರುವಿನ ಆ ವರ್ಷಗಳಲ್ಲಿ ರಾಮನಗರದ ಸುತ್ತಿನ ಸೀಮೆಗೆಲ್ಲ ರೇಷ್ಮೆಯ ಹುಚ್ಚು ಹಿಡಿದಿತ್ತು. ನಿನ್ನೆ ರಾಗಿ ಇದ್ದ ಹೊಲದಲ್ಲಿ ಇವತ್ತು ಹಿಪ್ಪುನೇರಳೆ ಕಡ್ಡಿ ನೆಟ್ಟಿರುತ್ತಿದ್ದರು. ಜಗುಲಿ, ನಡುಮನೆ, ದೇವರ ಕೋಣೆ, ಎಲ್ಲೆಲ್ಲೂ ಹುಳದ ತಟ್ಟೆಗಳು. ಮನೆಯವರು ಅಂಗಳದಲ್ಲಿ ಮಲಗುತ್ತಿದ್ದರು. ಬೆಳಗಾದರೆ ರಾಮನಗರದ ಗೂಡಿನ ಮಾರುಕಟ್ಟೆಯ ಮುಂದೆ ಬಸ್ಸು, ಟೆಂಪೊ, ಎತ್ತಿನ ಗಾಡಿ, ಸೈಕಲ್ಲು, ಎಲ್ಲದರ ಮೇಲೂ ಗೂಡಿನ ಚೀಲ. ಹರಾಜಿನಲ್ಲಿ ಸಾವುಕಾರರು ಕೊಂಡ ಗೂಡನ್ನು ಬೀರಯ್ಯ ಕಂಪನಿಗೆ ಸಾಗಿಸುತ್ತಿದ್ದ. ಅದು ಮುಗಿದರೆ ಸೌದೆಗೆ ಕನಕಪುರದ ಕಡೆ, ಇನ್ನೊಂದು ದಿನ ಮಾಗಡಿ, ಕುದೂರು. ನೂಲು ತೆಗೆದ ಮೇಲೆ ಉಳಿಯುವ ಬೆಂದ ಹುಳವನ್ನು ಸಾಗಿಸುವುದೂ ಅವನ ಪಾಲಿಗೇ. ಅದರ ವಾಸನೆ ಅವನ ಅಂಗಿಗೆ, ಕೂದಲಿಗೆ, ಕನಸಿಗೂ ಅಂಟಿಕೊಂಡಿತ್ತು. ಹೋಟೆಲಿಗೆ ಹೋದರೆ ಪಕ್ಕದವರು ತಟ್ಟೆ ಎತ್ತಿಕೊಂಡು ಆಚೆ ಬೆಂಚಿಗೆ ಹೋಗುತ್ತಿದ್ದರು. ಬೀರಯ್ಯ ಬೇಜಾರು ಮಾಡಿಕೊಳ್ಳಲಿಲ್ಲ. ಇಡೀ ಬೆಂಚು ತನಗೇ ಸಿಕ್ಕಿತಲ್ಲ ಅಂತ ಕಾಲು ಚಾಚಿಕೊಂಡು ಇನ್ನೊಂದು ಇಡ್ಲಿ ಹೇಳುತ್ತಿದ್ದ. ರಸ್ತೆಯೆಂದರೆ ಅವನಿಗೆ ಅಷ್ಟು ಖುಷಿ. ಬಂಡೆ ಬೆಟ್ಟಗಳ ನಡುವೆ ಇಳಿಜಾರಿನಲ್ಲಿ ಗಾಡಿ ತಾನಾಗಿ ಓಡತೊಡಗಿದರೆ ಹೊಟ್ಟೆಯೊಳಗೆ ಯಾರೋ ಕಚಗುಳಿ ಇಟ್ಟ ಹಾಗಾಗಿ ಒಬ್ಬನೇ ನಗುತ್ತಿದ್ದ.

ಅವನನ್ನು ಅಳಿಯನನ್ನಾಗಿ ಆರಿಸಿದ್ದು ಮಂಚಯ್ಯ. ಹೊಂಗನೂರು ಕಡೆಯವನು, ಕುರಿಯನ್ನೆಲ್ಲ ಮಾರಿ ರೇಷ್ಮೆಗೆ ಇಳಿದ ಧೈರ್ಯವಂತ. ಒಂದು ದಿನ ಮಾರುಕಟ್ಟೆಯ ಗೇಟಿನಲ್ಲಿ ಬೀರಯ್ಯನ ಗಾಡಿಗೆ ಮಂಚಯ್ಯ ಅಡ್ಡ ಬಂದ. "ಟ್ರ್ರ್ರ್ ಹೋ!" ಅಂತ ಕೇಳಿಸಿತು, ಗಾಡಿ ನಿಂತಿತು. ಮಂಚಯ್ಯ ಬೈಯುವುದಕ್ಕೆ ಬಾಯಿ ತೆರೆದವನು ಬೈಯಲಿಲ್ಲ. "ಯಾರಪ್ಪ ನೀನು? ಕುರಿ ಕಾದೋನಂಗೆ ಕೂಗ್ತೀಯಲ್ಲ?" ಅಂದ. ಊರು, ಕುಲ, ಮನೆದೇವರು ಎಲ್ಲ ವಿಚಾರವಾಯಿತು. ಆ ಗೇಟಿನಲ್ಲೇ, ಹಿಂದಿನ ಗಾಡಿಗಳವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗುವಷ್ಟರಲ್ಲಿ, ಮಂಚಯ್ಯ ಮನಸ್ಸಿನಲ್ಲೇ ಮದುವೆ ಗೊತ್ತು ಮಾಡಿಬಿಟ್ಟಿದ್ದ.

ಹೆಣ್ಣು ನೋಡುವ ಶಾಸ್ತ್ರದ ದಿನ ಹುಡುಗಿ ಪುಟ್ಟಗೌರಿ ಕಾಫಿ ಕೊಟ್ಟು ಗೋಡೆಗೆ ಒರಗಿ ನಿಂತಳು. ಬೆರಳುಗಳೆಲ್ಲ ಸೊಪ್ಪಿನ ಕರೆಯಿಂದ ಹಸುರಾಗಿದ್ದವು; ಅದನ್ನು ಮುಚ್ಚಿಡುವ ಗೋಜಿಗೆ ಅವಳು ಹೋಗಲಿಲ್ಲ. ಏನಾದರೂ ಕೇಳುವುದಿದ್ದರೆ ಕೇಳಮ್ಮ ಅಂತ ಹಿರಿಯರು ಬಾಯಿಮಾತಿಗೆ ಅಂದರು. ಆಕೆ ನಿಜಕ್ಕೂ ಕೇಳಿಬಿಟ್ಟಳು.

"ನಿಮ್ಮ ಗಾಡಿ ಎಷ್ಟು ಜೋರಾಗಿ ಹೋಯ್ತದೆ?"

ಎಲ್ಲರೂ ಬೀರಯ್ಯನ ಮುಖ ನೋಡಿದರು. ಅವನಿಗೆ ಕಿವಿಯೆಲ್ಲ ಬಿಸಿಯಾಯಿತು. "ಕೂತೋರು ಹೆದರೋಗಂಟ ಹೋಯ್ತದೆ," ಅಂದ.

"ಹೆದರ್ದೇ ಇದ್ರೆ?"

ವಾಪಸು ಬರುವ ದಾರಿಯುದ್ದಕ್ಕೂ ಬೀರಯ್ಯ ಅದಕ್ಕೆ ಉತ್ತರ ಹುಡುಕುತ್ತ, ಅಪ್ಪ ಇಳಿಯಬೇಕಾದ ತಿರುವನ್ನೂ ದಾಟಿ ಬಂದಿದ್ದ.

ಮದುವೆಯ ದಿನವನ್ನು ಗೊತ್ತು ಮಾಡುವಾಗ ಮಂಚಯ್ಯ ಐನೋರ ಪಂಚಾಂಗದ ಜೊತೆಗೆ ತನ್ನ ಹುಳಗಳ ಲೆಕ್ಕವನ್ನೂ ಹಿಡಿದಿದ್ದ. ಸಂಕ್ರಾಂತಿ ಕಳೆದ ಮೇಲೆ ಹುಳ ಹಣ್ಣಾಗುತ್ತವೆ, ಗೂಡು ಕಟ್ಟುತ್ತವೆ, ಗೂಡನ್ನು ಮಾರುಕಟ್ಟೆಗೆ ಹಾಕಿ ಬಂದು ಮನೆ ತೊಳೆದು ಸುಣ್ಣ ಬಳಿದರೆ ಮಾಘದ ಮುಹೂರ್ತಕ್ಕೆ ಸರಿಹೋಗುತ್ತದೆ. ಎಲ್ಲ ಸರಿಯಾಗಿಯೇ ಇತ್ತು, ಚಳಿಯೊಂದನ್ನು ಬಿಟ್ಟು. ಆ ವರ್ಷ ಚಳಿ ಹೋಗಲೇ ಇಲ್ಲ. ಚಳಿಗೆ ಹುಳಗಳು ಮಂಕಾದವು. ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಕೂತರೆ, ಅದನ್ನು ಆ ಕಡೆಯವರು ಜ್ವರ ಅನ್ನುತ್ತಾರೆ, ಜ್ವರ ಬಿಡುವುದೇ ತಡವಾಗುತ್ತಿತ್ತು. ಮಂಚಯ್ಯನ ಹೆಂಡತಿ ದಾಸಮ್ಮ ಕೆಂಡದ ಕುಂಡ ಇಟ್ಟು ಮನೆ ಬೆಚ್ಚಗೆ ಮಾಡಿದಳು. ಹುಳಗಳು ಆರಾಮವಾಗಿ ಮಲಗಿ, ಆರಾಮವಾಗಿ ಎದ್ದು, ಆರಾಮವಾಗಿ ತಿಂದವು.

ಇತ್ತ ಗಂಡಿನ ಕಡೆಯಲ್ಲೂ ಎಡವಟ್ಟು. ದಿಬ್ಬಣಕ್ಕೆ ಸಾವುಕಾರರು ಕಂಪನಿ ಗಾಡಿಯನ್ನೇ ತೊಳೆಸಿ, ಒಳಗೆಲ್ಲ ಫಿನಾಯಿಲ್ ಹಾಕಿಸಿ, ಬಾಳೆಕಂದು ಕಟ್ಟಿಸಿ ಕೊಟ್ಟರು. ಓಡಿಸುವುದಕ್ಕೆ ತಮ್ಮ ತಂಗಿಯ ಮಗ ನಿಯಾಜ್‌ನನ್ನು ಒಪ್ಪಿಸಿದ್ದರು. ಮದುವೆಯ ಬೆಳಗ್ಗೆ ನಿಯಾಜ್‌ಗೆ ಮದ್ರಾಸ್ ಐ. ಎರಡು ಕಣ್ಣೂ ಮೆಣಸಿನಕಾಯಿ ಆಗಿದ್ದವು.

"ಮದುಮಗ ಗಾಡಿ ಓಡಿಸೋದಾ? ಯಾವ ಸೀಮೆಲಾದ್ರೂ ಉಂಟಾ?" ಅಂತ ಬೀರಯ್ಯನ ತಾಯಿ ಚಿಕ್ಕಲಕ್ಷ್ಮಮ್ಮ ಗಲಾಟೆ ಎಬ್ಬಿಸಿದಳು.

"ಇನ್ಯಾರು ಓಡಿಸ್ತಾರೆ ಕಣವ್ವ, ಅಪ್ಪನಾ?" ಅಂದ ಬೀರಯ್ಯ. ಕರಿಯಯ್ಯ ಆಗಲೇ ತಾನು ಸಿದ್ಧ ಎಂಬಂತೆ ಪಂಚೆ ಎತ್ತಿ ಕಟ್ಟುತ್ತಿದ್ದುದನ್ನು ನೋಡಿ ಚಿಕ್ಕಲಕ್ಷ್ಮಮ್ಮ ತಕ್ಷಣ ಒಪ್ಪಿದಳು.

ಹೀಗೆ ಜರಿಪೇಟ ಸುತ್ತಿಕೊಂಡು, ಕೊರಳಿಗೆ ಹಾರ ಹಾಕಿಕೊಂಡು, ಕೈಗೆ ಕಂಕಣ ಕಟ್ಟಿಸಿಕೊಂಡು ಬೀರಯ್ಯ ತನ್ನ ದಿಬ್ಬಣಕ್ಕೆ ತಾನೇ ಡ್ರೈವರ್ ಆದ. ಮದುಮಗ ಕೈಬಿಡಬಾರದ, ತುದಿಗೆ ನಿಂಬೆಹಣ್ಣು ಚುಚ್ಚಿದ ಕಠಾರಿಯನ್ನು ಅವ್ವ ಅವನ ಸೊಂಟಕ್ಕೆ ಸಿಕ್ಕಿಸಿದಳು. ಗೇರ್ ಬದಲಿಸಿದಾಗಲೆಲ್ಲ ನಿಂಬೆಹಣ್ಣು ಪಕ್ಕದಲ್ಲಿ ಕೂತಿದ್ದ ಸಾವುಕಾರರ ಪಕ್ಕೆಗೆ ಗುದ್ದುತ್ತಿತ್ತು. ಸಾವುಕಾರರು ಬಿಳಿ ಶೇರ್ವಾನಿ ತೊಟ್ಟು, ಒಂದು ಶೀಶೆ ಅತ್ತರನ್ನು ಪೂರ್ತಿ ಮೈಗೆ ಸುರಿದುಕೊಂಡು ಬಂದಿದ್ದರು. "ನೀನು ರಸ್ತೆ ನೋಡು ಬೀರಯ್ಯ. ಈ ನಿಂಬೆಹಣ್ಣನ್ನ ನಾನು ನೋಡ್ಕೋತೀನಿ," ಅಂತ ಅದನ್ನು ಕೈಯಲ್ಲಿ ಹಿಡಿದು ಕೂತರು. ಚನ್ನಪಟ್ಟಣದ ಪೇಟೆಯಲ್ಲಿ ಜನ ಅಂಗಡಿ ಬಿಟ್ಟು ಬಂದು ನೋಡಿದರು. ಬೀರಯ್ಯ ಎಲ್ಲರಿಗೂ ಹಾರ್ನ್ ಹೊಡೆದು ನಮಸ್ಕಾರ ಹೇಳಿದ.

ಮಂಚಯ್ಯನ ಮನೆ ಮುಂದೆ ಗಾಡಿ ನಿಂತಿತು. ಹಸಿರು ಚಪ್ಪರ, ತೋರಣ, ರಂಗೋಲಿ ಎಲ್ಲ ಇತ್ತು. ಜನ ಮಾತ್ರ ಇರಲಿಲ್ಲ. ಕಳಶ ಹಿಡಿದು ಎದುರುಗೊಳ್ಳುವವರಿಲ್ಲ, ವಾಲಗವಿಲ್ಲ. ಡೋಲು ಒಂದು ಕಂಬಕ್ಕೆ, ನಾದಸ್ವರ ಇನ್ನೊಂದು ಕಂಬಕ್ಕೆ ಒರಗಿ ಕೂತಿದ್ದವು.

"ಏನ್ಲಾ ಇದು, ಊರು ತಪ್ಪಿ ಬಂದ್ಬುಟ್ಟಾ?" ಅಂದ ಕರಿಯಯ್ಯ.

ಅಷ್ಟರಲ್ಲಿ ಮಂಚಯ್ಯ ಒಳಗಿನಿಂದ ಓಡಿ ಬಂದ. ಹೊಸ ಪಂಚೆ ಮೊಣಕಾಲ ಮೇಲಿತ್ತು. ಬೊಗಸೆಯ ತುಂಬ ಹೊನ್ನಿನ ಬಣ್ಣದ ಹುಳಗಳು.

"ಬೀಗರೇ, ತಪ್ಪು ತಿಳ್ಕೋಬ್ಯಾಡಿ! ಬೆಳಕರಿಯೋ ಹೊತ್ಗೆ ಒಂದೇ ಏಟ್ಗೆ ಹಣ್ಣಾಗ್ಬುಟ್ವು! ಅಷ್ಟೂವೆ! ಬನ್ನಿ, ಒಳೀಕೆ ಬನ್ನಿ. ಅತ್ತರ್ ಹಾಕ್ಕೊಂಡೋರು, ಮಲ್ಲಿಗೆ ಮುಡ್ಕೊಂಡೋರು, ಬೀಡಿ ಸೇದಿರೋರು ಮಾತ್ರ ಬರ್ಬ್ಯಾಡಿ!"

ಹಣ್ಣಾದ ಹುಳ ಕಾಯುವುದಿಲ್ಲ. ಮೈ ಪಾರದರ್ಶಕವಾಗಿ ಹೊಳೆಯುತ್ತ, ಮೇವು ಬಿಟ್ಟು, ಗೂಡು ಕಟ್ಟುವುದಕ್ಕೆ ಜಾಗ ಹುಡುಕುತ್ತ ತಲೆ ಎತ್ತಿ ಆಡಿಸುತ್ತದೆ. ಆ ಹೊತ್ತಿಗೆ ಅದನ್ನು ಆಯ್ದು ಚಂದ್ರಿಕೆಗೆ ಬಿಡಬೇಕು. ಬಿದಿರ ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ಬಿದಿರ ಪಟ್ಟಿ ಕೂರಿಸಿದ ಆ ಚಂದ್ರಿಕೆಯ ಸಂದಿಯಲ್ಲಿ ಕೂತು ಅದು ಗೂಡು ಕಟ್ಟುತ್ತದೆ. ತಡ ಮಾಡಿದರೆ ಅದರ ಹೊಟ್ಟೆಯ ರೇಷ್ಮೆಯೆಲ್ಲ ತಟ್ಟೆಯ ಕಸದ ಪಾಲು. ಕರಿಯಯ್ಯ ಬಾಯಲ್ಲಿದ್ದ ಬೀಡಿಯನ್ನು ಉಗಿದು, ಮುಖ ತೊಳೆದು, ತೋಳೇರಿಸಿದ. ಹೆಂಗಸರು ಮಲ್ಲಿಗೆ ದಂಡೆಗಳನ್ನು ಕಿತ್ತು ಮೆಟಡೋರಿನ ಕನ್ನಡಿಗೆ ನೇತುಹಾಕಿದರು. ಇಡೀ ದಿಬ್ಬಣ ಒಳಗೆ ನುಗ್ಗಿ ವಾಲಗದವರ ಪಕ್ಕದಲ್ಲಿ ಸಾಲಾಗಿ ಕೂತು ಹುಳ ಆಯತೊಡಗಿತು.

ಹೊರಗೆ ಉಳಿದವರು ಸಾವುಕಾರರೊಬ್ಬರೇ. ಹುಟ್ಟಿದಾಗಿನಿಂದ ಗೂಡನ್ನೇ ಕೊಂಡು ನೂಲು ತೆಗೆಸಿದವರು, ಹುಳ ಗೂಡಿಗೆ ಏರುವುದನ್ನು ಕಣ್ಣಾರೆ ಕಂಡಿರಲಿಲ್ಲ. ಹೊಸ್ತಿಲಲ್ಲಿ ನಿಂತು ಇಣುಕಿದರು. "ಸಾವ್ಕಾರ್ರೆ, ನಿಮ್ಮ ಘಮಲಿಗೆ ಹುಳ ಮೂರ್ಛೆ ಹೋಯ್ತವೆ!" ಅಂತ ದಾಸಮ್ಮ ಒಳಗಿಂದಲೇ ಕೂಗಿದಳು. ಸಾವುಕಾರರು ಯೋಚನೆ ಮಾಡಿ, ಶೇರ್ವಾನಿ ಕಳಚಿ ಹೊಂಗೆ ಕೊಂಬೆಗೆ ಹಾಕಿ, ಪಂಪ್‌ಸೆಟ್ಟಿನ ನೀರಿಗೆ ತಲೆಯೊಡ್ಡಿದರು. ಮಾಘದ ತಣ್ಣೀರಿಗೆ ಅವರು ಕೂಗಿದ ಕೂಗಿಗೆ ತೆಂಗಿನ ಮರದ ಗಿಳಿಗಳು ಎದ್ದವು. ಮಂಚಯ್ಯನ ಹಳೆ ಲುಂಗಿ ಉಟ್ಟು, ನಡುಗುತ್ತ, ನಗುತ್ತ ಒಳಗೆ ಬಂದು ಕೂತರು.

ಬೀರಯ್ಯನೂ ಕೂರುವುದಕ್ಕೆ ಹೋದ. ಅಷ್ಟರಲ್ಲಿ ದಾಸಮ್ಮ ತಲೆಯ ಮೇಲೆ ಕೈ ಹೊತ್ತು ಹೊರಗೆ ಬಂದಳು. "ಚಂದ್ರಿಕೆ ಸಾಲಾಕಿಲ್ಲ ಕಣ್ರೀ! ಇನ್ನೂ ಅರ್ಧಕ್ಕರ್ಧ ಹುಳ ತಟ್ಟೇಲೇ ಅವೆ!"

ಊರಿನಲ್ಲಿ ಯಾರ ಹತ್ತಿರವೂ ಖಾಲಿ ಚಂದ್ರಿಕೆ ಇರಲಿಲ್ಲ. ಎಲ್ಲರ ಮನೆಯ ಹುಳವೂ ಅದೇ ವಾರದವು. ಕೆರೆ ಏರಿಯಿಂದಾಚೆ ಮಂಚಯ್ಯನ ಅಕ್ಕನ ಮನೆಯ ಹಿತ್ತಿಲಲ್ಲಿ ಖಾಲಿ ಇದ್ದವು. ಆದರೆ ಅವರ ಮನೆಯವರೆಲ್ಲ ಇಲ್ಲೇ ಹುಳ ಆಯುತ್ತಿದ್ದರು, ಅಲ್ಲಿ ಇದ್ದದ್ದು ನಾಯಿ ಕೆಂಚ ಒಂದೇ. ಅದು ಮನೆಯವರನ್ನು ಬಿಟ್ಟರೆ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಮನೆಯವರಲ್ಲೂ ಆರಿಸಿ ಆರಿಸಿ ಕಚ್ಚುತ್ತಿತ್ತು. ಅದು ಬಾಲ ಆಡಿಸುತ್ತಿದ್ದದ್ದು ಪುಟ್ಟಗೌರಿ ಒಬ್ಬಳಿಗೇ.

"ನಾನೇ ಹೋಯ್ತೀನಿ," ಅಂತ ಪುಟ್ಟಗೌರಿ ಬಾಗಿಲಿಗೆ ಬಂದಳು. ಅರಿಸಿನ ಸೀರೆ, ಹಣೆಗೆ ಕುಂಕುಮ, ಜಡೆಯಲ್ಲಿ ವಾಸನೆಯಿಲ್ಲದ ಕನಕಾಂಬರ. "ಗಾಡಿ ಐತಲ್ಲ."

"ಧಾರೆಗೆ ಮುಂಚೆ ಗಂಡು ಹೆಣ್ಣು ಒಂದೇ ಗಾಡೀಲಾ!" ಚಿಕ್ಕಲಕ್ಷ್ಮಮ್ಮ ಎದೆ ಮುಟ್ಟಿಕೊಂಡಳು.

"ನಾನ್ ಜೊತೇಲಿ ಹೋಯ್ತೀನಿ ಬುಡಿ," ಅಂತ ಮೂಲೆಯಲ್ಲಿ ಹುಳ ಆಯುತ್ತಿದ್ದ ಮಂಚಯ್ಯನ ತಾಯಿ ಪುಟ್ಟಲಕ್ಷ್ಮಮ್ಮ ಎದ್ದಳು. ಬಾಗಿದ ಬೆನ್ನಿನ ಮುದುಕಿ. ಈ ಅವಕಾಶಕ್ಕೇ ಕಾಯುತ್ತಿದ್ದವಳ ಹಾಗೆ ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಸೀಟಿನಲ್ಲಿ ಕೂತಿದ್ದಳು. ಪುಟ್ಟಗೌರಿ ಕಿಟಕಿ ಪಕ್ಕ ಕೂತಳು. ಐನೋರು ಚಪ್ಪರದಿಂದ ಕೂಗಿದರು: "ಮುಹೂರ್ತ ಮೀರೋದ್ರೊಳಗೆ ಬನ್ರಪ್ಪೋ! ನೀವಿಬ್ಬರೂ ಇಲ್ಲದೆ ನಾನೇನೂ ಮಾಡೋಕಾಗಲ್ಲ!"

ಮಣ್ಣಿನ ರಸ್ತೆ. ಎರಡೂ ಕಡೆ ಹಿಪ್ಪುನೇರಳೆ ತೋಟ. ಬೀರಯ್ಯ ಮೊದಲು ಮೆಲ್ಲಗೇ ಹೊರಟ. ಪಕ್ಕದಲ್ಲಿ ಹಿರಿಯರು, ಆಚೆ ಹೆಂಡತಿಯಾಗುವವಳು. ಎರಡು ಗುಂಡಿ ದಾಟುವಷ್ಟರಲ್ಲಿ ಅಜ್ಜಿ ಅವನ ತೊಡೆಗೆ ತಿವಿದಳು.

"ಏನಪ್ಪ, ಎಮ್ಮೆ ಮೇಯಿಸ್ತಾ ಇದ್ದೀಯಾ? ಒಸಿ ಓಡ್ಸು!"

ಬೀರಯ್ಯ ಒತ್ತಿದ. ಕೆರೆ ಏರಿಯ ಮೇಲೆ ಗಾಡಿ ಹಾರಿದ ಹಾಗೆ ಹೋಯಿತು. ಒಂದು ಉಬ್ಬಿನಲ್ಲಿ ಮೂವರೂ ಸೀಟಿನಿಂದ ಮೇಲೆದ್ದು ಮತ್ತೆ ಕೂತರು. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಪುಟ್ಟಗೌರಿ ಕಿಟಕಿಯಾಚೆ ತಲೆ ಹಾಕಿ ಗಾಳಿಗೆ ಮುಖವೊಡ್ಡಿದ್ದಳು.

"ಹೆದರಿಕೆ ಆಯ್ತದಾ?" ಬೀರಯ್ಯ ಕೇಳಿದ.

"ಇಲ್ಲ," ಅಂದಳು ಅವಳು. "ನಿಮ್ಗೆ?"

ಅವನಿಗೆ ಆಗುತ್ತಿತ್ತು. ಗಾಡಿಯ ಓಟಕ್ಕಲ್ಲ.

ಕೆಂಚ ಮೆಟಡೋರಿನ ಟೈರಿಗೆ ಬಾಯಿ ಹಾಕುವುದಕ್ಕೆ ಬಂತು. ಪುಟ್ಟಗೌರಿ ಇಳಿದು "ಥೂ, ಮದುವೆ ಮನೇರು ಕಣೋ!" ಅಂದ ಕೂಡಲೇ ಅಲ್ಲೇ ಉರುಳಿ ಹೊಟ್ಟೆ ತೋರಿಸಿತು. ಹಿತ್ತಿಲಿನ ಚಂದ್ರಿಕೆಗಳನ್ನು ಇಬ್ಬರೂ ಹೊತ್ತು ತಂದರು. ಆಳೆತ್ತರದ ಬಿದಿರಿನವು, ಗಾಡಿಯೊಳಗೆ ಹಿಡಿಯಲಿಲ್ಲ. ಪುಟ್ಟಗೌರಿ ಸೆರಗು ಸಿಕ್ಕಿಸಿ ಮೇಲೆ ಹತ್ತಿ ನಿಂತಳು. ಬೀರಯ್ಯ ಕೆಳಗಿಂದ ಕೊಟ್ಟ, ಅವಳು ಜೋಡಿಸಿದಳು, ಅಜ್ಜಿ ಸೀಟಿನಲ್ಲಿ ಕೂತೇ ಹಗ್ಗ ಬಿಗಿಯಾಗಿಲ್ಲ ಅಂತ ಬೈದಳು. ಹೊರಡುವಾಗ ಕೆಂಚನೂ ಹಿಂದಿನ ಬಾಗಿಲಿನಿಂದ ಹತ್ತಿ ಕೂತಿತು. ಇಳಿಸುವುದಕ್ಕೆ ಯಾರಿಗೂ ಧೈರ್ಯವಿರಲಿಲ್ಲ.

ವಾಪಸು ಬರುವಾಗ ಏರಿಯ ಮೇಲೆ ಗಾಳಿ ಜೋರಾಯಿತು. ಚಂದ್ರಿಕೆಗಳು ಮೇಲೆ ರೆಕ್ಕೆಯ ಹಾಗೆ ಬಡಿಯತೊಡಗಿದವು. ಅಜ್ಜಿ ಹೇಳಿದ್ದು ಸುಳ್ಳಾಗಲಿಲ್ಲ: ಒಂದು ಚಂದ್ರಿಕೆ ಕಿತ್ತುಕೊಂಡು ಹಾರಿ, ಗಾಳಿಯಲ್ಲಿ ಎರಡು ಪಲ್ಟಿ ಹೊಡೆದು, ಎದುರಿಗೆ ಬರುತ್ತಿದ್ದ ಚನ್ನಪಟ್ಟಣದ ಬಸ್ಸಿನ ಮುಂದೆ ಬಿತ್ತು. ಬಸ್ಸು ನಿಂತಿತು. ಬಸ್ಸಿನ ಡ್ರೈವರ್ ಕತ್ತು ಹೊರಹಾಕಿ ಬೈಯುವುದಕ್ಕೆ ಹೊರಟವನು ಪೇಟ ನೋಡಿದ, ಹಾರ ನೋಡಿದ, ಅರಿಸಿನ ಸೀರೆ ನೋಡಿದ, ನಡುವೆ ಕೂತ ಮುದುಕಿಯನ್ನೂ ಹಿಂದೆ ಬೊಗಳುವ ನಾಯಿಯನ್ನೂ ನೋಡಿದ.

"ಏನ್ ಗುರು ಇದು, ಎತ್ತಾಕ್ಕೊಂಡು ಹೋಯ್ತಾ ಇದ್ದೀಯಾ?"

"ಇಲ್ಲ ಕಣಣ್ಣ, ಹುಳ ಹಣ್ಣಾಗ್ಬುಟ್ಟವೆ!"

ಆ ಒಂದು ಮಾತು ಸಾಕಾಯಿತು. ಹುಳ ಹಣ್ಣಾಗಿದೆ ಅಂದರೆ ಆ ಸೀಮೆಯಲ್ಲಿ ಯಾರೂ ಕೈಕಟ್ಟಿ ಕೂರುವವರಲ್ಲ. ಬಸ್ಸಿನೊಳಗಿನಿಂದ ಒಬ್ಬ ಹೆಂಗಸು, "ಕೈ ಸಾಲದಾ?" ಅಂತ ಕೂಗಿದಳು. "ಸಾಲದು ಕಣವ್ವ, ಬನ್ರಿ! ಊಟನೂ ಐತೆ!" ಅಂತ ಅಜ್ಜಿ ಅವಳಿಗಿಂತ ಜೋರಾಗಿ ಕೂಗಿದಳು. ಕಂಡಕ್ಟರ್ ಇಳಿದು ಚಂದ್ರಿಕೆಯನ್ನು ಎತ್ತಿ ಬಸ್ಸಿನ ಮೇಲೆ ಹಾಕಿಸಿದ. ಏರಿ ಮುಗಿದ ಕಡೆ ಬಸ್ಸು ತಿರುಗಿ ಮೆಟಡೋರಿನ ಹಿಂದೆ ಬಂತು, ಹಾರ್ನ್ ಹೊಡೆಯುತ್ತ, ಬೀರಯ್ಯನೂ ಹೊಡೆಯುತ್ತ. ಮದುವೆ ಮನೆಯವರಿಗೆ ದೂರದಿಂದ ಕೇಳಿಸಿದ್ದು ಎರಡು ಹಾರ್ನು ಮತ್ತು ಒಂದು ನಾಯಿಯ ಸದ್ದು. "ಇನ್ನೇನ್ ಗ್ರಹಚಾರ ಬಂತಪ್ಪ!" ಅಂತ ಮಂಚಯ್ಯ ಓಡಿ ಬಂದು ನೋಡಿದರೆ, ಬಸ್ಸು ತುಂಬ ಜನ ಇಳಿದು, ಕೈ ತೊಳೆದು, ಹೇಳಿಸಿಕೊಳ್ಳದೆ ತಟ್ಟೆಗಳ ಮುಂದೆ ಕೂರುತ್ತಿದ್ದರು.

ಹುಳ ತುಂಬಿದ ಚಂದ್ರಿಕೆಗಳನ್ನು ನೆರಳಿರುವ, ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಬೇಕು. ಅಂಥ ಜಾಗ ಅಂದರೆ ಮದುವೆಯ ಚಪ್ಪರವೇ. ಸುತ್ತ ಚಂದ್ರಿಕೆ, ನಡುವೆ ಹಸೆಮಣೆ. ಕಡೆಯ ತಟ್ಟೆ ಖಾಲಿಯಾದಾಗ ಮುಹೂರ್ತದ ಬಾಲ ಉಳಿದಿತ್ತು. ಐನೋರು ಊದುಕಡ್ಡಿ ಹಚ್ಚಿದರು, ದಾಸಮ್ಮ ಬಂದು ಅದನ್ನು ಅವರ ಕೈಯಿಂದ ಕಿತ್ತು ನೀರಿಗೆ ಅದ್ದಿದಳು. "ದೇವ್ರಿಗೆ ಆಮ್ಯಾಕೆ ಹಚ್ಚಿದ್ರಾಯ್ತು ಸ್ವಾಮಿ." ವಾಲಗದವರು ಕೈ ಒರೆಸಿಕೊಂಡು ನಾದಸ್ವರ ಎತ್ತಿದರು. ಸುತ್ತಲೂ ಸಾವಿರಾರು ಹುಳಗಳು ತಲೆಯನ್ನು ಅತ್ತ ಇತ್ತ ಆಡಿಸುತ್ತ ಮೊದಲ ಎಳೆ ಬಿಡುತ್ತಿದ್ದವು.

ಬಾಸಿಂಗ ಕಟ್ಟಿದರು. ಅಂತರಪಟ ಸರಿಯಿತು. ಬೀರಯ್ಯ ತಾಳಿ ಎತ್ತಿಕೊಂಡು ಬಗ್ಗಿದಾಗ ಪುಟ್ಟಗೌರಿ ಅವನ ಕಿವಿಯಲ್ಲಿ ಪಿಸುಗುಟ್ಟಿದಳು:

"ನಿಮ್ಮ ಪೇಟದಾಗೆ ಒಂದು ಹುಳ ಐತೆ."

"ತೆಗಿ ಮತ್ತೆ."

"ಬ್ಯಾಡ. ಗೂಡು ಕಟ್ಟಾಕೆ ಶುರು ಮಾಡ್ಬುಟ್ಟದೆ. ಅಲ್ಲಾಡ್ಬ್ಯಾಡಿ."

ಅವನು ತಲೆ ಅಲುಗಿಸದೆ, ಕತ್ತು ಬಿಗಿಹಿಡಿದು, ಕೈಯನ್ನಷ್ಟೇ ಆಡಿಸಿ ತಾಳಿ ಕಟ್ಟಿದ. ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಪೇಟ ಅಲುಗುತ್ತದೆ. ಅವಳಿಗೂ ಅದೇ ಪಾಡು. ಇಬ್ಬರ ಕಣ್ಣಲ್ಲೂ ನೀರು ಬಂದದ್ದನ್ನು ನೋಡಿ ಹೆಂಗಸರು, "ಪಾಪ, ಎಷ್ಟು ಮರುಗ್ತಾವೆ ಮಕ್ಕಳು," ಅಂತ ಸಾಸೆ ಅಕ್ಕಿ ಹಾಕಿದರು. ಸಾವುಕಾರರು ಹಳೆ ಲುಂಗಿಯಲ್ಲೇ ಮುಂದೆ ಬಂದು ಅಕ್ಷತೆ ಎರಚಿ, ಶೇರ್ವಾನಿ ಎಲ್ಲಿ ಬಿಟ್ಟೆ ಅನ್ನುವುದೇ ಮರೆತುಹೋಗಿದೆ ಅಂದರು. ಬಸ್ಸಿನವರು ಮುದ್ದೆ, ಅವರೆಕಾಳು ಸಾರು, ಪಾಯಸ ಉಂಡು, ಹಾಡು ಹೇಳಿಕೊಂಡು ಹೋದರು.

ಮದುಮಗನ ಪೇಟವನ್ನು ದಾಸಮ್ಮ ಮನೆಯಿಂದಾಚೆ ಹೋಗಗೊಡಲಿಲ್ಲ. ಮೆಲ್ಲಗೆ ತೆಗೆದು ತಟ್ಟೆಯೊಂದರಲ್ಲಿಟ್ಟು ಮೂಲೆಗೆ ಸರಿಸಿದಳು. ಬೀರಯ್ಯ ಬರಿತಲೆಯಲ್ಲೇ ಹೆಂಡತಿಯನ್ನು ಕರೆದುಕೊಂಡು ಬಂದ. ದಾರಿಯುದ್ದ ಹಾರ್ನ್ ಹೊಡೆದವಳು ಅವಳು. ಅದು ಹೇಗೆ ಕೆಲಸ ಮಾಡುತ್ತದೆ, ಇದು ಯಾಕೆ ಇದೆ, ಆ ಕೆಂಪು ದೀಪ ಏನು ಅಂತ ಕೇಳಿ ಕೇಳಿ ರಾಮನಗರ ಬರುವಷ್ಟರಲ್ಲಿ ಗೌಸ್ ಅವನಿಗೆ ಕಲಿಸಿದ್ದನ್ನೆಲ್ಲ ಬಾಯಲ್ಲೇ ಕಲಿತುಬಿಟ್ಟಿದ್ದಳು.

ವಾರ ಕಳೆದ ಮೇಲೆ ಮಂಚಯ್ಯನ ಗೂಡು ಮಾರುಕಟ್ಟೆಗೆ ಬಂತು. ಚಪ್ಪರದ ಕಥೆ ಅದಕ್ಕಿಂತ ಮುಂಚೆ ಬಂದಿತ್ತು. ನೂಲು ತೆಗೆಸುವ ರೀಲರುಗಳೆಲ್ಲ ಬಂದು ಗೂಡನ್ನು ಕೈಗೆ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. "ಏನ್ ಮಂಚಣ್ಣ, ವಾಲಗ ಕೇಳ್ಕೊಂಡು ಕಟ್ಟಿದ ಗೂಡಂತೆ?" "ಹೂಂ ಮತ್ತೆ, ಅದ್ಕೇ ಇಷ್ಟು ಗಟ್ಟಿ," ಅಂದ ಮಂಚಯ್ಯ. ಹರಾಜು ಏರಿತು, ಇನ್ನೂ ಏರಿತು. ಸಾವುಕಾರರು ಮಾತ್ರ ಹಟ ಬಿಡಲಿಲ್ಲ. "ಅರೆ, ತಣ್ಣೀರು ಸ್ನಾನ ಮಾಡಿ ಆಯ್ದವನು ನಾನು! ಬೇರೆಯವರಿಗೆ ಹೇಗ್ ಬಿಡ್ಲಿ?" ಎಂದು ಕಡೆಗೂ ತಾವೇ ಕೊಂಡು, ಬೀರಯ್ಯನನ್ನು ಕೂಗಿ ಗಾಡಿಗೆ ತುಂಬಿಸಿದರು.

ಆಮೇಲೆ ಬೀರಯ್ಯ ಬಹಳ ವರ್ಷ ಅದೇ ಕಂಪನಿಗೆ ಓಡಿಸಿದ. ಮೆಟಡೋರ್ ಹೋಗಿ ಲಾರಿ ಬಂತು, ಇಬ್ಬರು ಹೆಣ್ಣುಮಕ್ಕಳು ಬಂದರು, ಕರಿಯಯ್ಯನ ಕುರಿಗಳು ಕಡಿಮೆಯಾಗಿ ಅವನ ಹೊಲದಲ್ಲೂ ಹಿಪ್ಪುನೇರಳೆ ಬಂತು. ಆದರೆ ಅವನ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದದ್ದು ಮದುವೆಯಾದ ವರ್ಷದ ಬೇಸಿಗೆ. ಆ ಬೇಸಿಗೆ ಅವನ ಊರ ಕೆರೆ ಪೂರ್ತಿ ಒಣಗಿ, ಅಂಗೈ ಹಾಗೆ ಮಟ್ಟವಾಗಿ ಬಿದ್ದಿತ್ತು. ಕಂಪನಿಗೆ ರಜೆಯ ದಿನ ಸಾವುಕಾರರ ಅಪ್ಪಣೆ ಪಡೆದು ಗಾಡಿಯನ್ನು ಅಲ್ಲಿಗೆ ಇಳಿಸಿದ. ಪುಟ್ಟಗೌರಿ ಸ್ಟೇರಿಂಗ್ ಹಿಡಿದಳು. ಮೊದಲ ಸಲ ಗಾಡಿ ಕಪ್ಪೆಯ ಹಾಗೆ ನೆಗೆಯಿತು. ಎರಡನೆಯ ಸಲಕ್ಕೆ ನೆಟ್ಟಗಾಯಿತು. ನೋಡುವುದಕ್ಕೆ ಬಂದವರು ಏರಿಯ ಮೇಲೆ ಕೂತರು; ಕೂತು ಬೇಜಾರಾದವರು ಬಂದು ಗಾಡಿ ಹತ್ತಿದರು. ಹೊಂಗನೂರಿನಿಂದ ಮೊಮ್ಮಗಳನ್ನು ನೋಡುವ ನೆಪದಲ್ಲಿ ಬಂದಿದ್ದ ಅಜ್ಜಿ ಮುಂದಿನ ಸೀಟು ಬಿಟ್ಟುಕೊಡಲಿಲ್ಲ. ಗಾಡಿಗೆ ಏನಾದರೂ ಆಗಿದೆಯೋ ಅಂತ ನೋಡಲು ಬಂದ ಸಾವುಕಾರರೂ ಹತ್ತಿದರು. ಕರಿಯಯ್ಯ ಕೆರೆಯಂಗಳದಲ್ಲಿದ್ದ ಕುರಿಗಳನ್ನು ಒಂದು ಕಡೆಗೆ ಅಟ್ಟಿ ತಾನೂ ಓಡಿ ಬಂದು ಹಿಂದಿನ ಬಾಗಿಲು ಹಿಡಿದು ನೇತಾಡಿದ.

ಗಾಡಿ ಕೆರೆಯಂಗಳದಲ್ಲಿ ದೊಡ್ಡ ಸುತ್ತು ಹೊಡೆಯಿತು. ಕೆಂಪು ಧೂಳು ಎದ್ದು ಹಿಂದೆ ಹಿಂದೆ ಬಂತು. ಎರಡನೆಯ ಸುತ್ತು. ಮೂರನೆಯದು.

"ಸಾಕು ಕಣೆ, ನಿಲ್ಸು," ಅಂದ ಬೀರಯ್ಯ, ನಗುತ್ತ, ಬಾಗಿಲು ಹಿಡಿದುಕೊಂಡು.

"ಹೆದರಿದ್ರಾ?"

"ನಾನಾ? ಇಲ್ಲಪ್ಪ!"

"ಅಂಗಾದ್ರೆ ಯಾಕೆ ನಿಲ್ಲಿಸ್ಬೇಕು?"

ಬ್ರೇಕ್ ಎಲ್ಲಿದೆ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಜ್ಜಿ ಚಪ್ಪಾಳೆ ತಟ್ಟಿದಳು. ಪುಟ್ಟಗೌರಿ ಹಾರ್ನ್ ಒತ್ತಿ, ಸ್ಟೇರಿಂಗ್ ತಿರುಗಿಸಿ, ಇನ್ನೊಂದು ಸುತ್ತಿಗೆ ಹೊರಟಳು.